ಎಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ: ಹಳೆಯ ಫೋರ್ ವೀಲ್ ಡ್ರೈವ್ ವಾಹನದ ಕ್ಲಚ್ ಕುರಿತ ಪ್ರಶ್ನೋತ್ತರ

ಪ್ರಶ್ನೆ: ಮಾನ್ಯರೇ, ನನ್ನ ಬಳಿ ಇಪ್ಪತ್ತು ವರ್ಷಕ್ಕೂ ಹಳೆಯದಾದ ಟರ್ಬೊ ಡೀಸೆಲ್ ಫೋರ್ ವೀಲ್ ಡ್ರೈವ್ ವಾಹನವಿದೆ. ಐದು ಗೇರ್, ಲಿವರ್‌ನಿಂದ ಹಾಕುವ ಟ್ರಾನ್ಸ್‌ಫರ್ ಕೇಸ್ (ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ, ಹೈ ಮತ್ತು ಲೋ ರೇಂಜ್ ಇರುವ ಗೇರ್ ಪೆಟ್ಟಿಗೆ), ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್. ಕೆಲವು ವಾರಗಳಿಂದ ಹೆದ್ದಾರಿಯ ಏರಿನಲ್ಲಿ ಐದನೆಯ ಗೇರಿನಲ್ಲಿದ್ದಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಶಬ್ದ ಏರುತ್ತದೆ, ವೇಗ ಏರುವುದಿಲ್ಲ. ಬೆಳಗ್ಗೆ ಹೊರಟ ಹೊಸತರಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಲೋ ರೇಂಜಿನಲ್ಲಿ ಕಡಿದಾದ ಕಲ್ಲುದಾರಿಯನ್ನು ಮಾತ್ರ ಯಾವ ತಕರಾರೂ ಇಲ್ಲದೆ ಹತ್ತುತ್ತದೆ. ಒಬ್ಬ ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಮುಗಿದಿದೆ, ಗೇರ್ ಬಾಕ್ಸ್ ಇಳಿಸಬೇಕು ಎಂದರು. ಇನ್ನೊಬ್ಬರು, ಅಂಥ ಏರನ್ನು ಹತ್ತುವ ಗಾಡಿಯ ಕ್ಲಚ್ ಹೋಗಿರಲು ಸಾಧ್ಯವೇ ಇಲ್ಲ, ಡೀಸೆಲ್ ಪಂಪ್ ತೋರಿಸಿ ಎಂದರು. ಯಾರ ಮಾತನ್ನು ನಂಬಬೇಕು? ಗೇರ್ ಬಾಕ್ಸ್ ಇಳಿಸುವ ಮುನ್ನ ನಾನೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಕ್ಲಚ್ ಜಾರುತ್ತಿದೆ ಎಂಬ ಮಟ್ಟಿಗೆ ಮೊದಲನೆಯವರ ಮಾತು ಸರಿಯಿರುವಂತೆ ಕಾಣುತ್ತದೆ, ಆದರೆ ಅದಕ್ಕೆ ಪ್ಲೇಟೇ ಕಾರಣವೆಂದು ಈಗಲೇ ತೀರ್ಮಾನಿಸಿ ಗೇರ್ ಬಾಕ್ಸ್ ಇಳಿಸುವುದು ಆತುರವಾದೀತು. ಎರಡನೆಯವರ ತರ್ಕವಂತೂ ತಲೆಕೆಳಗಾಗಿದೆ. ಡೀಸೆಲ್ ಪಂಪಿನಲ್ಲಿ ದೋಷವಿದ್ದು ಎಂಜಿನ್ ಸೊರಗಿದ್ದರೆ, ಗೇರಿನಲ್ಲಿರುವಷ್ಟು ಹೊತ್ತು ಎಂಜಿನ್ನಿನ ಸುತ್ತು ಮತ್ತು ವಾಹನದ ವೇಗ ಒಂದಕ್ಕೊಂದು ಕಟ್ಟಿಹಾಕಿದಂತೆ ಜೊತೆಯಾಗಿಯೇ ಇಳಿಯಬೇಕು. ಸುತ್ತು ಮಾತ್ರ ಏರಿ ವೇಗ ಅಲ್ಲೇ ಉಳಿಯುತ್ತದೆ ಎಂದರೆ, ಎಂಜಿನ್ನಿಗೂ ಚಕ್ರಕ್ಕೂ ನಡುವೆ ಎಲ್ಲೋ ಹಿಡಿತ ತಪ್ಪುತ್ತಿದೆ ಎಂದೇ ಅರ್ಥ.

ಲೋ ರೇಂಜಿನಲ್ಲಿ ಗಾಡಿ ಸಲೀಸಾಗಿ ಹತ್ತುವುದಕ್ಕೂ ಕ್ಲಚ್ ಚೆನ್ನಾಗಿದೆ ಎನ್ನುವುದಕ್ಕೂ ಸಂಬಂಧವಿಲ್ಲ. ಕ್ಲಚ್ ಇರುವುದು ಎಂಜಿನ್ನಿಗೆ ಅಂಟಿಕೊಂಡು, ಗೇರ್ ಬಾಕ್ಸಿಗಿಂತ ಮುಂದೆ. ಟ್ರಾನ್ಸ್‌ಫರ್ ಕೇಸ್ ಇರುವುದು ಗೇರ್ ಬಾಕ್ಸಿನ ಹಿಂದೆ. ಆದ್ದರಿಂದ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಹೆಚ್ಚಿಸುವ ಕೆಲಸವೆಲ್ಲ ಕ್ಲಚ್ಚಿನ ಆಚೆಗೆ ನಡೆಯುತ್ತದೆ. ಮೊದಲ ಗೇರಿನ ಅನುಪಾತ 4, ಐದನೆಯದು 0.8, ಲೋ ರೇಂಜಿನದು 2.5 ಎಂದು ಇಟ್ಟುಕೊಳ್ಳೋಣ. ಲೋ ರೇಂಜಿನ ಮೊದಲ ಗೇರಿನಲ್ಲಿ ಒಟ್ಟು 10 ಪಟ್ಟು, ಹೈ ರೇಂಜಿನ ಐದನೆಯ ಗೇರಿನಲ್ಲಿ 0.8 ಪಟ್ಟು ಆಯಿತು. ಚಕ್ರದಲ್ಲಿ ಒಂದೇ ಪ್ರಮಾಣದ ಎಳೆತ ಬೇಕಿದ್ದರೆ, ಐದನೆಯ ಗೇರಿನಲ್ಲಿ ಕ್ಲಚ್ ಹೊರಬೇಕಾದ ಟಾರ್ಕ್ ಲೋ ರೇಂಜಿನ ಮೊದಲ ಗೇರಿನಲ್ಲಿ ಹೊರಬೇಕಾದದ್ದರ ಹನ್ನೆರಡೂವರೆ ಪಟ್ಟು. ಅರ್ಧ ಸತ್ತ ಕ್ಲಚ್ ಕೂಡ ಲೋ ರೇಂಜಿನಲ್ಲಿ ಗಾಡಿಯನ್ನು ಬಂಡೆಯ ಮೇಲೆ ಏರಿಸಿಬಿಡುತ್ತದೆ. ಕಾಡುದಾರಿಯಲ್ಲೇ ಹೆಚ್ಚಾಗಿ ಓಡುವ ವಾಹನಗಳಲ್ಲಿ ಈ ದೋಷ ಬಹುಕಾಲ ಬಚ್ಚಿಟ್ಟುಕೊಂಡಿರುವುದು ಇದೇ ಕಾರಣಕ್ಕೆ, ಮತ್ತು ಅದು ಮೊದಲು ಬಯಲಾಗುವುದು ಹೆದ್ದಾರಿಯಲ್ಲಿ, ಮೇಲಿನ ಗೇರಿನಲ್ಲಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ.

ದೋಷವನ್ನು ಖಚಿತಪಡಿಸಿಕೊಳ್ಳುವ ರಸ್ತೆ ಪರೀಕ್ಷೆ ಸರಳವಾಗಿದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಮುಂದೆ ಹಿಂದೆ ವಾಹನಗಳಿಲ್ಲದ ಒಣ ರಸ್ತೆಯಲ್ಲಿ, ಹೈ ರೇಂಜ್ ಮತ್ತು ಟೂ ವೀಲ್ ಡ್ರೈವಿನಲ್ಲಿ, ನಾಲ್ಕನೆಯ ಅಥವಾ ಐದನೆಯ ಗೇರಿನಲ್ಲಿ ನಿಮಿಷಕ್ಕೆ 1,500 ಸುತ್ತಿನ ಆಸುಪಾಸಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ. ಟರ್ಬೊ ಗಾಳಿ ತುಂಬತೊಡಗಿ ಎಂಜಿನ್ ತನ್ನ ಗರಿಷ್ಠ ಟಾರ್ಕ್ ಕೊಡುವ ಸುಮಾರು 2,000 ಸುತ್ತಿನ ಹತ್ತಿರ ಬಂದಾಗ ಸುತ್ತು ತೋರಿಸುವ ಮೀಟರಿನ ಮುಳ್ಳನ್ನು ಗಮನಿಸಿ. ಕ್ಲಚ್ ಗಟ್ಟಿಯಾಗಿದ್ದರೆ ಮುಳ್ಳು ವೇಗದ ಜೊತೆಗೆ ನಿಧಾನವಾಗಿಯೇ ಏರುತ್ತದೆ. ಜಾರುತ್ತಿದ್ದರೆ ಮುನ್ನೂರು, ನಾನೂರು ಸುತ್ತು ಥಟ್ಟನೆ ಜಿಗಿಯುತ್ತದೆ, ಕಾಲು ಸಡಿಲಿಸಿದೊಡನೆ ಅಷ್ಟೇ ಬೇಗ ಕೆಳಗೆ ಕೂರುತ್ತದೆ. ಈ ಜಿಗಿತ ಮತ್ತು ಕೂರುವಿಕೆಯ ಜೋಡಿಯನ್ನು ಒಮ್ಮೆ ಕಂಡವರಿಗೆ ಮತ್ತೆ ಸಂಶಯ ಉಳಿಯುವುದಿಲ್ಲ. ಸುತ್ತು ತೋರಿಸುವ ಮೀಟರ್ ಇಲ್ಲದ ಹಳೆಯ ವಾಹನಗಳಲ್ಲಿ ಕಿವಿಯೇ ಸಾಕು. ಒಂದೆರಡು ಸಲಕ್ಕಿಂತ ಹೆಚ್ಚು ಪರೀಕ್ಷಿಸುವುದು ಬೇಡ. 250 ನ್ಯೂಟನ್ ಮೀಟರ್ ಟಾರ್ಕಿನಲ್ಲಿ ಕ್ಲಚ್ 500 ಸುತ್ತಿನಷ್ಟು ಜಾರಿದರೆ ಅಲ್ಲಿ ಹುಟ್ಟುವ ಶಾಖ ಸುಮಾರು 13 ಕಿಲೊವ್ಯಾಟ್; ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್ ಒಳಗೆ ನೀರು ಕಾಯಿಸುವ ಆರು ದೊಡ್ಡ ಕಾಯಿಲ್‌ಗಳನ್ನು ಒಟ್ಟಿಗೆ ಹಾಕಿದ ಹಾಗೆ.

ಫೋರ್ ವೀಲ್ ಡ್ರೈವ್ ವಾಹನದಲ್ಲಿ ಕ್ಲಚ್ ಜಾರಿದಂತೆ ತೋರುವ ಬೇರೆ ದೋಷಗಳೂ ಉಂಟು. ಟ್ರಾನ್ಸ್‌ಫರ್ ಕೇಸಿನ ಗೇರ್ ಸವೆದು ಭಾರ ಬಿದ್ದಾಗ ನ್ಯೂಟ್ರಲ್‌ಗೆ ಜಿಗಿದರೆ ಎಂಜಿನ್ ಹಾಗೆಯೇ ಕೂಗುತ್ತದೆ. ಆದರೆ ಆಗ ಎಳೆತ ಒಂದೇ ಸಲಕ್ಕೆ ಪೂರ್ತಿ ಕಡಿದುಹೋಗುತ್ತದೆ, ಕಡಕ್ಕೆಂಬ ಸದ್ದು ಬರುತ್ತದೆ, ಲಿವರ್ ಜಾಗ ಬದಲಿಸಿರುತ್ತದೆ. ಸಡಿಲ ಮಣ್ಣಿನಲ್ಲಿ ಹಿಂದಿನ ಒಂದು ಚಕ್ರ ತಿರುಗಿ ಹಾರುವುದನ್ನು ಕ್ಲಚ್ಚಿನ ಮೇಲೆ ಹೊರಿಸುವವರೂ ಇದ್ದಾರೆ. ಬೇಕಾದಾಗ ಮಾತ್ರ ನಾಲ್ಕೂ ಚಕ್ರಗಳಿಗೆ ಎಳೆತ ಕೊಡುವ ಹಳೆಯ ಪಾರ್ಟ್ ಟೈಮ್ ವಾಹನಗಳ ಪೈಕಿ ಹಲವದರಲ್ಲಿ ಸ್ಪೀಡೋಮೀಟರಿನ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಿಂದ. ಆದ್ದರಿಂದ ಚಕ್ರ ಜಾರಿದರೆ ಸ್ಪೀಡೋಮೀಟರಿನ ಮುಳ್ಳೂ ಎಂಜಿನ್ನಿನ ಜೊತೆ ಏರುತ್ತದೆ, ಕ್ಲಚ್ ಜಾರಿದರೆ ಏರುವುದಿಲ್ಲ. ಪರೀಕ್ಷೆಯನ್ನು ಒಣ ರಸ್ತೆಯಲ್ಲೇ ಮಾಡಲು ಹೇಳಿದ್ದು ಈ ಗೊಂದಲ ಬೇಡವೆಂದೇ.

ನಿಂತಲ್ಲೇ ಮಾಡುವ ಇನ್ನೊಂದು ಪರೀಕ್ಷೆ ಬಹಳ ಪ್ರಚಾರದಲ್ಲಿದೆ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಟ್ಟೆ ಕೊಟ್ಟು, ಮೂರನೆಯ ಅಥವಾ ನಾಲ್ಕನೆಯ ಗೇರ್ ಹಾಕಿ ಕ್ಲಚ್ ಬಿಡುವುದು; ಎಂಜಿನ್ ಕೂಡಲೇ ನಿಂತರೆ ಕ್ಲಚ್ ಚೆನ್ನಾಗಿದೆ, ನಿಲ್ಲದೆ ಓಡುತ್ತಲೇ ಇದ್ದರೆ ಹೋಗಿದೆ ಎಂದು ಲೆಕ್ಕ. ಇದು ಪೂರ್ತಿ ಸೋತ ಕ್ಲಚ್ಚನ್ನು ಮಾತ್ರ ಹಿಡಿಯುತ್ತದೆ. ನಿಮ್ಮ ವಾಹನದಂತೆ ಆಗಷ್ಟೇ ಜಾರಲು ತೊಡಗಿದ ಕ್ಲಚ್ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ, ಹಾಗಾಗಿ ನಾನು ಇದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಮಾಡುವುದೇ ಆದರೆ ಟ್ರಾನ್ಸ್‌ಫರ್ ಲಿವರ್ ಹೈ ರೇಂಜಿನಲ್ಲಿದೆಯೇ ಎಂದು ಎರಡು ಸಲ ನೋಡಿಕೊಳ್ಳಿ, ವಾಹನದ ಮುಂದೆ ಯಾರನ್ನೂ ನಿಲ್ಲಿಸಬೇಡಿ. ಲೋ ರೇಂಜಿನಲ್ಲಿದ್ದರೆ ಗಾಡಿ ಹ್ಯಾಂಡ್ ಬ್ರೇಕನ್ನೂ ಕಟ್ಟೆಯನ್ನೂ ಮೀರಿ ಮುನ್ನುಗ್ಗಬಹುದು.

ಜಾರುವುದು ಖಚಿತವಾದ ಮೇಲೆ ಕೇಳಬೇಕಾದ ಪ್ರಶ್ನೆ: ಪ್ಲೇಟ್ ಸವೆದಿದೆಯೇ, ಇಲ್ಲವೇ ಚೆನ್ನಾಗಿರುವ ಪ್ಲೇಟನ್ನು ಯಾವುದೋ ಒಂದು ಶಕ್ತಿ ಪೂರ್ತಿ ಒತ್ತಿಕೊಳ್ಳಲು ಬಿಡುತ್ತಿಲ್ಲವೇ? ಕ್ಲಚ್ ಹೊರಬಲ್ಲ ಟಾರ್ಕ್ ನಾಲ್ಕು ಸಂಗತಿಗಳ ಗುಣಾಕಾರ: ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಒತ್ತಡ, ಲೈನಿಂಗಿನ (ಪ್ಲೇಟಿನ ಮುಖಗಳ ಮೇಲಿನ ಉಜ್ಜುವ ಪದರ) ಘರ್ಷಣಾಂಕ, ಪ್ಲೇಟಿನ ಸರಾಸರಿ ತ್ರಿಜ್ಯ, ಮತ್ತು ಎರಡು ಮುಖಗಳಿರುವುದರಿಂದ ಎರಡು. ಉದಾಹರಣೆಗೆ 6,000 ನ್ಯೂಟನ್ ಒತ್ತಡ, 0.3 ಘರ್ಷಣಾಂಕ, 0.1 ಮೀಟರ್ ತ್ರಿಜ್ಯವಿದ್ದರೆ 360 ನ್ಯೂಟನ್ ಮೀಟರ್ ಆಯಿತು. 250 ನ್ಯೂಟನ್ ಮೀಟರ್ ಕೊಡುವ ಎಂಜಿನ್ನಿಗೆ ಧಾರಾಳವಾಗಿ ಸಾಕು. ಈಗ ಶಾಖದಿಂದ ಘರ್ಷಣಾಂಕ 0.25ಕ್ಕೆ ಇಳಿಯಿತು ಎನ್ನೋಣ: 300, ಇನ್ನೂ ಜಾರುವುದಿಲ್ಲ. ಶಾಖವಿಲ್ಲದೆ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಪೂರ್ತಿ ಹಿಂದೆ ಸರಿಯದೆ ಒತ್ತಡದ ಕಾಲುಭಾಗವನ್ನು ತಿಂದುಬಿಟ್ಟಿತು ಎನ್ನೋಣ: 270, ಅಂಚಿನಲ್ಲಿದ್ದರೂ ಜಾರುವುದಿಲ್ಲ. ಎರಡೂ ಒಟ್ಟಿಗೆ ಸೇರಿದರೆ 225 ಮಾತ್ರ, ಜಾರುವುದು ಖಂಡಿತ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಸರಿಯಿರುವ ನಿಮ್ಮ ಕ್ಲಚ್ ಬಿಸಿಯಾದ ಮೇಲೆ ಜಾರುವುದು ಇಂಥ ಸೇರ್ಪಡೆಯ ಲಕ್ಷಣವಾಗಿರಬಹುದು. ಆದ್ದರಿಂದ ಮೊದಲು ಹೊರಗಿನ ಹೈಡ್ರಾಲಿಕ್ ಭಾಗವನ್ನು ನೋಡಲು ಹೇಳುತ್ತೇನೆ.

ಪೆಡಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದಾಗ ಮಾತ್ರ, ಆಯಿಲ್ ಡಬ್ಬಿಗೆ ಹೋಗುವ ಒಂದು ಸಣ್ಣ ರಂಧ್ರ ತೆರೆದುಕೊಳ್ಳುತ್ತದೆ. ಪೆಡಲಿನ ಪುಶ್ ರಾಡನ್ನು ಯಾರಾದರೂ ತೀರಾ ಬಿಗಿಯಾಗಿ ಹೊಂದಿಸಿದ್ದರೆ, ಅಥವಾ ಒಳಗಿನ ರಬ್ಬರ್ ವಾಷರ್ ಉಬ್ಬಿದ್ದರೆ, ಈ ರಂಧ್ರ ಮುಚ್ಚಿಯೇ ಇರುತ್ತದೆ. ಎಂಜಿನ್ ಮತ್ತು ಸೈಲೆನ್ಸರ್ ಪೈಪಿನ ಶಾಖಕ್ಕೆ ಪೈಪಿನೊಳಗಿನ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ, ಪೈಪಿನ ಇನ್ನೊಂದು ತುದಿಯಲ್ಲಿ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರನ್ನು ತಳ್ಳುತ್ತದೆ. ನೀವು ಪೆಡಲನ್ನು ಮುಟ್ಟದಿದ್ದರೂ ಕ್ಲಚ್ ಸ್ವಲ್ಪ ಒತ್ತಿದ ಸ್ಥಿತಿಯಲ್ಲೇ ಇರುತ್ತದೆ. ಮೊದಲು ಕೈಯಿಂದ ಪೆಡಲನ್ನು ಮೆಲ್ಲಗೆ ಒತ್ತಿ ನೋಡಿ. ಪಿಸ್ಟನ್ ತಗಲುವ ಮುನ್ನ ಪೆಡಲ್ ಸ್ವಲ್ಪವಾದರೂ ಸಡಿಲವಾಗಿ ಆಡಬೇಕು. ಬಹಳಷ್ಟು ವಾಹನಗಳಲ್ಲಿ ಇದು ಕೆಲವೇ ಮಿಲಿಮೀಟರ್, ನಿಮ್ಮ ವಾಹನದ ಸರಿಯಾದ ಅಳತೆ ಅದರ ಕೈಪಿಡಿಯಲ್ಲಿರುತ್ತದೆ. ಪೆಡಲಿನ ಕೆಳಗೆ ದಪ್ಪ ಮ್ಯಾಟ್ ಸಿಕ್ಕಿಕೊಂಡಿಲ್ಲವೆಂದೂ, ಪೆಡಲ್ ಎಳೆಯುವ ಸ್ಪ್ರಿಂಗ್ ಕಡಿದಿಲ್ಲವೆಂದೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ.

ಮುಂದಿನ ಪರೀಕ್ಷೆ ಗಾಡಿಯ ಅಡಿಯಲ್ಲಿ. ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗಿನ ಹೊರಬದಿಯಲ್ಲಿದ್ದರೆ, ಅದರ ರಾಡ್, ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕನ್ನು ಮುಟ್ಟುವ ಜಾಗ ಕಣ್ಣಿಗೆ ಕಾಣುತ್ತದೆ. ಪೆಡಲ್ ಮೇಲಿರುವಾಗ ಆ ರಾಡನ್ನು ಸಿಲಿಂಡರಿನೊಳಕ್ಕೆ ಬೆರಳಿನಿಂದ ಒತ್ತಿ. ಅದು ನಿಧಾನವಾಗಿ, ಬಿಗಿಯಾಗಿ, ಆದರೆ ನಿಲ್ಲದೆ ಒಳಸರಿಯಬೇಕು. ಇನ್ನೊಬ್ಬರು ಮೇಲೆ ನಿಂತು ನೋಡಿದರೆ ಡಬ್ಬಿಯಲ್ಲಿ ಆಯಿಲ್ ಮಟ್ಟ ಚೂರು ಏರುವುದು ಕಾಣುತ್ತದೆ. ಕಲ್ಲಿನಂತೆ ಅಲುಗದೆ ನಿಂತರೆ ಆಯಿಲ್ ಹಿಂದಿರುಗುವ ದಾರಿ ಕಟ್ಟಿದೆ. ಆಗ ಕ್ಲಚ್ ಜಾರುತ್ತಿರುವ ಬಿಸಿ ಸ್ಥಿತಿಯಲ್ಲೇ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಮಾಸ್ಟರ್ ಸಿಲಿಂಡರಿನಿಂದ ಬರುವ ಲೋಹದ ಪೈಪ್ ರಬ್ಬರ್ ಹೋಸಿಗೆ ಸೇರುವ ನಟ್ಟನ್ನು ಸ್ವಲ್ಪವೇ ಸಡಿಲಿಸಿ. ಆಯಿಲ್ ಚಿಮ್ಮಿ ಫೋರ್ಕ್ ಹಿಂದೆ ಸರಿದರೆ ದೋಷ ಮಾಸ್ಟರ್ ಸಿಲಿಂಡರಿನಲ್ಲಿದೆ. ಅಲ್ಲಿ ಏನೂ ಆಗದೆ, ಕೆಳಗೆ ಸ್ಲೇವ್ ಸಿಲಿಂಡರಿನ ಏರ್ ತೆಗೆಯುವ ನಿಪ್ಪಲ್ ಸಡಿಲಿಸಿದಾಗ ಮಾತ್ರ ಚಿಮ್ಮಿದರೆ, ನಡುವಿನ ರಬ್ಬರ್ ಹೋಸ್ ಒಳಗೊಳಗೇ ಉಬ್ಬಿ ಕಟ್ಟಿದೆ. ಹೊರಗಿನಿಂದ ಹೊಸದರಂತೆ ಕಾಣುವ ಹಳೆಯ ಹೋಸ್ ಒಳಗೆ ಹೀಗಾಗುವುದು ಅಪರೂಪವಲ್ಲ. ಒತ್ತಡ ಬಿಟ್ಟ ತಕ್ಷಣ ನಟ್ಟು, ನಿಪ್ಪಲ್ ಎರಡನ್ನೂ ಬಿಗಿ ಮಾಡಿ, ಏರ್ ತೆಗೆದು, ಪುನಃ ರಸ್ತೆ ಪರೀಕ್ಷೆ ಮಾಡಿ. ಜಾರುವುದು ನಿಂತಿದ್ದರೆ ನೀವು ಗೇರ್ ಬಾಕ್ಸನ್ನು ಮುಟ್ಟಬೇಕಾಗಿಯೇ ಇಲ್ಲ. ಈ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಬಾಡಿಯ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ. ರಬ್ಬರ್ ವಾಷರ್‌ಗಳು ಉಬ್ಬಿರುವುದು ಕಂಡುಬಂದರೆ, ಯಾರೋ ಡಬ್ಬಿಗೆ ಬ್ರೇಕ್ ಆಯಿಲ್ ಬದಲು ಎಂಜಿನ್ ಆಯಿಲನ್ನೋ ಪವರ್ ಸ್ಟಿಯರಿಂಗ್ ಆಯಿಲನ್ನೋ ಹಾಕಿದ್ದಾರೆ ಎಂದು ಊಹಿಸಬಹುದು. ಆಗ ಆ ಮಾರ್ಗದ ಎಲ್ಲ ರಬ್ಬರ್ ಭಾಗಗಳನ್ನೂ ಬದಲಿಸುವುದೇ ದಾರಿ.

ಕೇಬಲ್ ಕ್ಲಚ್ ಇರುವ ವಾಹನದಲ್ಲಿ ಕೆಲಸ ಇನ್ನೂ ಸುಲಭ. ಲೈನಿಂಗ್ ಸವೆದಂತೆ ಡಯಾಫ್ರಾಮ್ ಸ್ಪ್ರಿಂಗಿನ (ಪ್ರೆಷರ್ ಪ್ಲೇಟನ್ನು ಒತ್ತುವ ತಟ್ಟೆಯಾಕಾರದ ಸ್ಪ್ರಿಂಗ್) ನಾಲಿಗೆಗಳು ರಿಲೀಸ್ ಬೇರಿಂಗಿನತ್ತ ಚಾಚುತ್ತವೆ, ಪೆಡಲಿನ ಸಡಿಲ ಆಟ, ಅಂದರೆ ಫ್ರೀ ಪ್ಲೇ, ಕಡಿಮೆಯಾಗುತ್ತಾ ಹೋಗುತ್ತದೆ, ಕ್ಲಚ್ ಹಿಡಿಯುವ ಜಾಗ ಮೇಲೆ ಮೇಲೆ ಬರುತ್ತದೆ. ಕೇಬಲ್ ಸಡಿಲಿಸಿ ಕೈಪಿಡಿ ಹೇಳಿದಷ್ಟು ಆಟ ಕೊಟ್ಟರೆ ಜಾರುವುದು ನಿಲ್ಲಬಹುದು. ಹೊಂದಿಸುವ ನಟ್ಟು ಕೊನೆ ಮುಟ್ಟಿದ್ದರೆ ಪ್ಲೇಟಿನ ಆಯುಷ್ಯವೂ ಕೊನೆ ಮುಟ್ಟಿದೆ.

ಹೊರಗೆ ದೋಷ ಸಿಗದಿದ್ದರೆ ಬೆಲ್ ಹೌಸಿಂಗಿನ ತಳವನ್ನು ನೋಡಿ. ಅಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅದಕ್ಕೆ ತೆಳುವಾದ ತಂತಿ ಹಾಕಿ ತೆಗೆದು, ತುದಿಗೆ ಅಂಟಿದ್ದನ್ನು ಬಿಳಿ ಬಟ್ಟೆಗೆ ಒರೆಸಿ. ಒಣ ಕಪ್ಪು ಪುಡಿ ಬಂದರೆ ಲೈನಿಂಗಿನ ಧೂಳು. ಜಿಡ್ಡು ಬಂದು, ಡೀಸೆಲ್ ಎಂಜಿನ್ನಿನ ಹಳೆಯ ಆಯಿಲಿನಂತೆ ಕಡುಕಪ್ಪಾಗಿದ್ದರೆ ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲನ್ನು ಶಂಕಿಸಬೇಕು. ಮೂಗಿಗೆ ಗಂಧಕದ ಘಾಟು ಹೊಡೆದರೆ ಅದು ಗೇರ್ ಆಯಿಲ್, ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್ ಸೋರುತ್ತಿದೆ. ಗೇರ್ ಬಾಕ್ಸಿನ ಬ್ರೀದರ್ (ಗಾಳಿಯಾಡುವ ಕಿಂಡಿ) ಕೆಸರಿನಿಂದ ಮುಚ್ಚಿಹೋದರೆ, ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಚೆನ್ನಾಗಿರುವ ಸೀಲಿನಿಂದಲೂ ಆಯಿಲನ್ನು ಹೊರದೂಡುತ್ತದೆ ಎಂಬುದನ್ನು ಕಾಡುದಾರಿಯ ವಾಹನದವರು ನೆನಪಿಡಬೇಕು. ಆಯಿಲ್ ಕುಡಿದ ಪ್ಲೇಟ್ ಜಾರುವುದರ ಜೊತೆಗೆ ಹೊರಡುವಾಗ ಗಡಗಡ ನಡುಗುತ್ತದೆ. ಅದನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಲೈನಿಂಗಿನ ಆಳಕ್ಕೆ ಇಳಿದ ಆಯಿಲ್ ಬಿಸಿಯಾದೊಡನೆ ಮತ್ತೆ ಮೇಲೆ ಬರುತ್ತದೆ, ಆ ಶ್ರಮ ವ್ಯರ್ಥ.

ಈ ಯಾವುದೂ ಅಲ್ಲವಾಗಿದ್ದು, ಪೆಡಲ್ ಹಿಂದಿಗಿಂತ ಗಡುಸಾಗಿದ್ದರೆ, ಪ್ಲೇಟ್ ಸವೆದಿದೆ ಎಂಬ ಮೊದಲ ಮೆಕ್ಯಾನಿಕ್ಕರ ಮಾತಿಗೆ ತಲೆಬಾಗಬೇಕು. ಗಡುಸು ಪೆಡಲ್ ಎಂದರೆ ಕ್ಲಚ್ ಬಲವಾಗಿದೆ ಎಂದು ಜನ ತಿಳಿಯುತ್ತಾರೆ. ಡಯಾಫ್ರಾಮ್ ಕ್ಲಚ್ಚಿನಲ್ಲಿ ಲೈನಿಂಗ್ ತೆಳುವಾದಂತೆ ಪೆಡಲ್ ಗಡುಸಾಗುವುದೇ ವಾಡಿಕೆ. ಇನ್ನೂ ಹಳೆಯ, ಸುರುಳಿ ಸ್ಪ್ರಿಂಗುಗಳ ಪ್ರೆಷರ್ ಪ್ಲೇಟಿನಲ್ಲಿ ಮಾತ್ರ ಸವೆದಷ್ಟೂ ಒತ್ತಡ ಇಳಿಯುತ್ತದೆ.

ಗೇರ್ ಬಾಕ್ಸ್ ಇಳಿಸಿದ ದಿನ ಹಳೆಯ ಭಾಗಗಳನ್ನು ನೀವೇ ಕಣ್ಣಾರೆ ನೋಡಿ. ಲೈನಿಂಗ್ ಎರಡೂ ಬದಿ ಸಮನಾಗಿ ಸವೆದು ರಿವೆಟಿನ ತಲೆಗೆ ಬಂದಿದ್ದರೆ ಅದು ಸಹಜ ಮುಪ್ಪು; ರಿವೆಟ್ ಲೈನಿಂಗಿಗಿಂತ ಕನಿಷ್ಠ 0.3 ಮಿಲಿಮೀಟರ್ ಒಳಗಿರಬೇಕು ಎಂಬುದು ಹಲವು ಕೈಪಿಡಿಗಳ ಮಿತಿ. ಲೈನಿಂಗ್ ಇನ್ನೂ ದಪ್ಪವಾಗಿದ್ದು ಕನ್ನಡಿಯಂತೆ ಹೊಳೆಯುತ್ತಿದ್ದರೆ, ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ನಿನ ಫ್ಲೈವೀಲಿನ ಮೇಲೆ ನೀಲಿ ಕಲೆ, ಕೂದಲೆಳೆಯ ಬಿರುಕುಗಳಿದ್ದರೆ, ಒತ್ತಡ ಸಾಲದೆ ಬೆಂದಿದೆ ಎಂದು ತಿಳಿಯಿರಿ. ಅದರ ಕಾರಣ ಹುಡುಕದೆ ಹೊಸ ಪ್ಲೇಟ್ ಹಾಕಿದರೆ ಅದೂ ಬೇಯುತ್ತದೆ. ಒಂದು ಎಚ್ಚರಿಕೆ: ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ. ಬೆಲ್ ಹೌಸಿಂಗಿನ ಧೂಳನ್ನು ಗಾಳಿಯ ಪೈಪಿನಿಂದ ಊದಲು ಬಿಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಲು ಹೇಳಿ.

ಪ್ರಶ್ನೆ: ಮೊಣಕಾಲು ಮೀರಿದ ನೀರಿನ ತೊರೆಯನ್ನು ದಾಟಿದ ಮೇಲೆ ನನ್ನ ಜೀಪಿನ ಕ್ಲಚ್ ಸ್ವಲ್ಪ ದೂರ ಜಾರುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೇ?

ಉತ್ತರ: ನೀರು ಒಣಗಿದೊಡನೆ ಹಿಡಿತ ಮರಳುವುದಾದರೆ ಲೈನಿಂಗಿಗೆ ಹಾನಿಯಾಗಿಲ್ಲ. ಬೆಲ್ ಹೌಸಿಂಗ್ ನೀರು ನುಗ್ಗದಂತೆ ಮುಚ್ಚಿದ ಪೆಟ್ಟಿಗೆಯಲ್ಲ. ನೀರಿನ ನಡುವೆ ಕ್ಲಚ್ ಒತ್ತಿದರೆ ಪ್ಲೇಟಿಗೂ ಫ್ಲೈವೀಲಿಗೂ ನಡುವೆ ಸಂದು ಬಿಟ್ಟು ನೀರು, ಮರಳು ಎರಡೂ ಒಳಸೇರುತ್ತವೆ. ಆದ್ದರಿಂದ ನೀರಿಗಿಳಿಯುವ ಮುನ್ನವೇ ಲೋ ರೇಂಜ್ ಮತ್ತು ತಕ್ಕ ಗೇರ್ ಹಾಕಿಕೊಂಡು, ಆಚೆ ದಡ ಸೇರುವವರೆಗೆ ಪೆಡಲಿನ ಮೇಲೆ ಕಾಲಿಡದೆ ಒಂದೇ ವೇಗದಲ್ಲಿ ದಾಟುವುದು ಸರಿಯಾದ ಕ್ರಮ. ನನ್ನ ಆತಂಕ ನೀರಿಗಿಂತ ಕೆಸರಿನ ಬಗ್ಗೆ ಹೆಚ್ಚು. ನೀರು ಆರುತ್ತದೆ, ನುಣ್ಣನೆಯ ಮಣ್ಣು ಉಳಿದು ಲೈನಿಂಗನ್ನೂ ರಿಲೀಸ್ ಬೇರಿಂಗನ್ನೂ ಅರೆಯುತ್ತದೆ. ಲ್ಯಾಂಡ್ ರೋವರಿನಂಥ ಕೆಲವು ವಾಹನಗಳಲ್ಲಿ ಬೆಲ್ ಹೌಸಿಂಗಿನ ತಳದ ರಂಧ್ರಕ್ಕೆ ತಿರುಪಿನ ಬಿರಡೆ ಕೊಟ್ಟಿರುತ್ತಾರೆ. ನೀರಿಗಿಳಿಯುವ ಮುನ್ನ ಅದನ್ನು ಹಾಕಬೇಕು, ದಾಟಿದ ಮೇಲೆ ತೆಗೆಯಬೇಕು. ಸದಾ ಹಾಕಿಯೇ ಇಟ್ಟರೆ ಸೋರಿದ ಆಯಿಲ್ ಹೊರಹೋಗದೆ ಒಳಗೇ ನಿಂತು ಕ್ಲಚ್ಚಿಗೆ ಎರಚುತ್ತದೆ. ಗೇರ್ ಬಾಕ್ಸಿನ ಆಯಿಲನ್ನೂ ಒಮ್ಮೆ ನೋಡಿ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಅಲ್ಲಿಗೂ ನೀರು ಹೋಗಿದೆ, ತಡಮಾಡದೆ ಬದಲಿಸಿ.

ಪ್ರಶ್ನೆ: ಕ್ಲಚ್ ಪ್ಲೇಟ್ ಬದಲಿಸಿ ಒಂದು ವರ್ಷವೂ ಆಗಿಲ್ಲ, ಮತ್ತೆ ಜಾರತೊಡಗಿದೆ. ಅದೇ ಸಮಯದಲ್ಲಿ 29 ಇಂಚಿನ ಟೈರ್ ತೆಗೆಸಿ 33 ಇಂಚಿನದು ಹಾಕಿಸಿದ್ದೆ. ಟೈರಿಗೂ ಕ್ಲಚ್ಚಿಗೂ ಸಂಬಂಧವಿದೆಯೇ, ಅಥವಾ ಪ್ಲೇಟ್ ಕಳಪೆಯೇ?

ಉತ್ತರ: ಸಂಬಂಧವಿದೆ. 29ರಿಂದ 33ಕ್ಕೆ ಹೋದಾಗ ಚಕ್ರದ ಸುತ್ತಳತೆ ಸುಮಾರು ಶೇಕಡಾ 14ರಷ್ಟು ಹೆಚ್ಚಿತು. ಅದೇ ಏರಿನಲ್ಲಿ ಅದೇ ಗೇರಿನಲ್ಲಿ ಕ್ಲಚ್ ಅಷ್ಟೇ ಪಾಲು ಹೆಚ್ಚಿನ ಟಾರ್ಕ್ ಸಾಗಿಸಬೇಕು, ಟೈರಿನ ಹೆಚ್ಚಿದ ತೂಕವನ್ನು ತಿರುಗಿಸುವ ಶ್ರಮ ಬೇರೆ. ಹೊರಡುವಾಗ ಹಾಫ್ ಕ್ಲಚ್ಚಿನಲ್ಲಿ ಕಳೆಯುವ ಹೊತ್ತು ಸಹಜವಾಗಿಯೇ ಹೆಚ್ಚುತ್ತದೆ. ಡಿಫರೆನ್ಷಿಯಲಿನ ಅನುಪಾತವನ್ನು ಟೈರಿಗೆ ತಕ್ಕಂತೆ ಬದಲಿಸದೆ ಇದ್ದರೆ, ಭಾರ ಎಳೆಯುವಾಗ ಒಂದು ಗೇರ್ ಕೆಳಗೆ ಓಡಿಸುವ ಅಭ್ಯಾಸವಾದರೂ ಬೇಕು.

ಆದರೂ ಒಂದೇ ವರ್ಷದಲ್ಲಿ ಕ್ಲಚ್ ಹೋಗಲು ಟೈರೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ನೀವು "ಪ್ಲೇಟ್" ಬದಲಿಸಿದೆ ಎಂದು ಬರೆದಿದ್ದೀರಿ. ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗ್, ಹಿಂದಿನ ಆಯಿಲ್ ಸೀಲ್ ಇವುಗಳಲ್ಲಿ ಯಾವುದನ್ನು ಹಳೆಯದೇ ಉಳಿಸಿದರು ಎಂದು ಕೆಲಸ ಮಾಡಿದವರನ್ನು ಕೇಳಿ. ಗೇರ್ ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಎರಡನ್ನೂ ಇಳಿಸುವಷ್ಟು ದೊಡ್ಡ ಕೆಲಸಕ್ಕೆ ಕೈಹಾಕಿ, ಒಳಗಿನ ಸಣ್ಣ ಸೀಲನ್ನು ಉಳಿಸಿಕೊಳ್ಳುವುದು ಉಳಿತಾಯವೇ ಅಲ್ಲ.

ಫ್ಲೈವೀಲನ್ನು ಲೇತಿಗೆ ಹಾಕಿ ಮುಖ ಕೊಡಿಸಿದ್ದರೇ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ಕೆಲವು ಫ್ಲೈವೀಲುಗಳಲ್ಲಿ ಪ್ಲೇಟ್ ಉಜ್ಜುವ ಮುಖ ಒಂದು ಮಟ್ಟದಲ್ಲೂ, ಪ್ರೆಷರ್ ಪ್ಲೇಟಿನ ಕವರ್ ಬೋಲ್ಟ್ ಆಗುವ ಅಂಚು ಇನ್ನೊಂದು ಮಟ್ಟದಲ್ಲೂ ಇರುತ್ತದೆ. ಉಜ್ಜುವ ಮುಖವನ್ನು ಮಾತ್ರ ಅರ್ಧ ಮಿಲಿಮೀಟರ್ ಕೆತ್ತಿದರೆ, ಪ್ಲೇಟ್ ಕವರಿನಿಂದ ಅಷ್ಟು ದೂರ ಹೋಯಿತು. ಹೊಸ ಪ್ಲೇಟ್ ಮೊದಲ ದಿನದಿಂದಲೇ ಅರ್ಧ ಮಿಲಿಮೀಟರ್ ಸವೆದದ್ದರಂತೆ ಕೆಲಸ ಮಾಡುತ್ತದೆ. ಎರಡೂ ಮಟ್ಟಗಳನ್ನು ಸಮನಾಗಿ ಕೆತ್ತಿ, ಮೊದಲಿದ್ದ ಅಂತರವನ್ನು ಉಳಿಸಬೇಕು. ಲೇತಿನವರು ಇದನ್ನು ತಾವಾಗಿ ಕೇಳುವುದಿಲ್ಲ, ಕೊಡುವವರೇ ಹೇಳಬೇಕು. ಹೊಸ ಪ್ರೆಷರ್ ಪ್ಲೇಟಿನ ಮೇಲೆ ತುಕ್ಕು ಹಿಡಿಯದಿರಲು ಬಳಿದ ಜಿಡ್ಡನ್ನು ಒರೆಸದೆ ಕೂರಿಸುವುದು, ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಮೆತ್ತುವುದು, ಗೇರ್ ಬಾಕ್ಸಿನ ಪೂರ್ತಿ ಭಾರವನ್ನು ಜೋಡಿಸುವಾಗ ಪ್ಲೇಟಿನ ಮೇಲೆ ತೂಗಿಬಿಟ್ಟು ಪ್ಲೇಟಿನ ನಡುವಿನ ಭಾಗವನ್ನು ಬಾಗಿಸುವುದು, ಇವೆಲ್ಲವೂ ಹೊಸ ಕ್ಲಚ್ಚನ್ನು ಕೆಡಿಸಬಲ್ಲವು. ಕಳಪೆ ಪ್ಲೇಟ್ ಇಲ್ಲವೆಂದಲ್ಲ, ಆದರೆ ಈ ಪಟ್ಟಿಯನ್ನು ಮುಗಿಸಿದ ಮೇಲೆ ಆ ಮಾತು.

ಪ್ರಶ್ನೆ: ದೂರದ ದಾರಿಯಲ್ಲಿ ಕ್ಲಚ್ ಪೂರ್ತಿ ಜಾರತೊಡಗಿದರೆ ಗಾಡಿಯನ್ನು ರಿಪೇರಿಯ ಜಾಗದವರೆಗೆ ಓಡಿಸಿಕೊಂಡು ಬರಲು ಉಪಾಯವಿದೆಯೇ?

ಉತ್ತರ: ಮೊದಲು ನಿಲ್ಲಿಸಿ ಅರ್ಧ ಗಂಟೆಯಾದರೂ ಆರಲು ಬಿಡಿ, ಆ ಬಿಡುವಿನಲ್ಲಿ ಫ್ರೀ ಪ್ಲೇ ಮತ್ತು ಸ್ಲೇವ್ ಸಿಲಿಂಡರಿನ ರಾಡನ್ನು ಮೇಲೆ ಹೇಳಿದಂತೆ ನೋಡಿ. ಬೆಲ್ ಹೌಸಿಂಗಿನ ಕಿಂಡಿಯಿಂದ ಪುಡಿಯನ್ನೋ ಮರಳನ್ನೋ ಹಾಕುವ ಸಲಹೆ ಕೇಳಿಬಂದರೆ ಒಪ್ಪಬೇಡಿ. ಆಮೇಲೆ ಕ್ಲಚ್ಚಿನ ಮೇಲಿನ ಭಾರ ಇಳಿಸುವುದೇ ಉಪಾಯ, ಅದಕ್ಕೆ ಲೋ ರೇಂಜ್ ಇದೆ. ಸದಾ ನಾಲ್ಕೂ ಚಕ್ರಗಳು ಎಳೆಯುವ, ಸೆಂಟರ್ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಇರುವ ಫುಲ್ ಟೈಮ್ ವಾಹನದಲ್ಲಿ, ಅದರ ಲಾಕ್ ಬಿಟ್ಟು, ಲೋ ರೇಂಜಿನಲ್ಲಿ ನಿಧಾನವಾಗಿ ರಸ್ತೆಯ ಮೇಲೆಯೇ ಬರಬಹುದು. ಪಾರ್ಟ್ ಟೈಮ್ ವಾಹನದಲ್ಲಿ ಹಾಗೆ ಮಾಡುವಂತಿಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳು ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಒಣ ಡಾಂಬರಿನ ತಿರುವುಗಳಲ್ಲಿ ಶಾಫ್ಟುಗಳು ಬಿಗಿಯಾಗಿ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟಾಗುತ್ತದೆ. ಮುಂದಿನ ಚಕ್ರಗಳಿಗೆ ಕೈಯಿಂದ ತಿರುಗಿಸುವ ಫ್ರೀ ವೀಲಿಂಗ್ ಹಬ್ (ಚಕ್ರವನ್ನು ಶಾಫ್ಟಿನಿಂದ ಬಿಡಿಸುವ ಭಾಗ) ಇದ್ದರೆ ಮಾತ್ರ ದಾರಿಯಿದೆ: ಎರಡೂ ಹಬ್ಬುಗಳನ್ನು ಫ್ರೀ ಸ್ಥಾನಕ್ಕೆ ತಿರುಗಿಸಿ, ಆಮೇಲೆ ಲಿವರನ್ನು ಫೋರ್ ಲೋಗೆ ಹಾಕಿ. ಮುಂದಿನ ಶಾಫ್ಟ್ ಸುಮ್ಮನೆ ತಿರುಗುತ್ತದೆ, ಎಳೆಯುವ ಕೆಲಸ ಹಿಂದಿನ ಚಕ್ರಗಳದ್ದು ಮಾತ್ರ. ಲೋ ರೇಂಜಿನ ಟಾರ್ಕ್ ಪೂರ್ತಿ ಹಿಂದಿನ ಆಕ್ಸಲಿನ ಮೇಲೆಯೇ ಬೀಳುವುದರಿಂದ ಮೊದಲ ಗೇರಿನಲ್ಲಿ ಆಕ್ಸಿಲರೇಟರನ್ನು ಮೆತ್ತಗೆ ಬಳಸಿ, ಎಂಜಿನ್ ಅರಚದಷ್ಟು ವೇಗದಲ್ಲಿ, ನಿಂತು ಹೊರಡುವ ಸಂದರ್ಭಗಳನ್ನು ಆದಷ್ಟು ತಪ್ಪಿಸಿಕೊಂಡು ಬನ್ನಿ. ತಲುಪಿದ ಮೇಲೆ ಹಬ್ಬುಗಳು ಫ್ರೀ ಆಗಿವೆ ಎಂದು ಮೆಕ್ಯಾನಿಕ್ಕರಿಗೆ ತಿಳಿಸಿ, ಇಲ್ಲವಾದರೆ ಕೆಲಸ ಮುಗಿದ ಮೇಲಿನ ಪರೀಕ್ಷೆಯಲ್ಲಿ ಮುಂದಿನ ಚಕ್ರಗಳು ಎಳೆಯುತ್ತಿಲ್ಲವೆಂದು ಅವರು ಟ್ರಾನ್ಸ್‌ಫರ್ ಕೇಸ್ ಬಿಚ್ಚಲು ಹೊರಡಬಹುದು.